ಪಿಂಗಾಣಿಯ ಮೇಲಿನ ಮಹಾಪುರುಷರು

ಪಾತ್ರೆಯ ಮೇಲೆ ಹೆಸರು ಹಾಕಿಸುವ ನಮ್ಮ ರೂಢಿ ನಿಮಗೆಲ್ಲ ಗೊತ್ತೇ ಇದೆ. ಮದುವೆಗೋ ಮನೆಯೊಕ್ಕಲಿಗೋ ಒಂದು ಸ್ಟೀಲಿನ ಡಬರಿ ಕೊಡಬೇಕಾದರೂ ಅಂಗಡಿಯವನ ಮುಂದೆ ನಿಂತು, ಯಾರಿಂದ ಯಾರಿಗೆ ಎಂಬುದನ್ನು ತಾರೀಖಿನ ಸಮೇತ ಕೊರೆಸಿಕೊಂಡು ಬರುತ್ತೇವೆ. ಇಪ್ಪತ್ತು ವರ್ಷ ಕಳೆದ ಮೇಲೆ ಬೆಳಗುವಾಗ ಆ ಹೆಸರು ಕಣ್ಣಿಗೆ ಬೀಳುತ್ತದೆ. ಕೊಟ್ಟ ಸೋದರತ್ತೆ ತೀರಿಕೊಂಡಿರುತ್ತಾಳೆ, ಡಬರಿ ಮಾತ್ರ ಹಾಗೆಯೇ ಇರುತ್ತದೆ. ಹೆಂಗಸರ ನೆನಪಿನ ಅರ್ಧ ಭಾಗ ಪಾತ್ರೆಗಳ ಮೇಲೆಯೇ ಇದೆ ಎಂದರೆ ತಪ್ಪಾಗಲಾರದು.

ಆದರೆ ಗಮನಿಸಿ, ನಾವು ಪಾತ್ರೆಯ ಮೇಲೆ ಬರೆಸುವುದು ಬಂಧುಗಳ ಹೆಸರನ್ನು. ದೇಶಕ್ಕಾಗಿ ಬಾಳಿದವರನ್ನು, ಪ್ರಾಣ ಕೊಟ್ಟವರನ್ನು ಗೋಡೆಯ ಮೇಲೆ ತೂಗುಹಾಕುತ್ತೇವೆ, ಚೌಕದಲ್ಲಿ ನಿಲ್ಲಿಸುತ್ತೇವೆ, ವರ್ಷಕ್ಕೊಮ್ಮೆ ಮಾಲೆ ಹಾಕುತ್ತೇವೆ. ಊಟದ ತಾಟಿನ ಮೇಲೆ, ಚಹಾದ ಕಪ್ಪು-ಬಸಿಯ ಮೇಲೆ ಅವರನ್ನು ತರುವುದಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ತೀರ ವಿರುದ್ಧ. ಅಲ್ಲಿ ಸುಮಾರು ಮುನ್ನೂರು ವರ್ಷಗಳಿಂದ ವೀರರ ಗುಡಿ ಎಂದರೆ ಅಡಿಗೆಮನೆಯ ಕಪಾಟೇ. ದೊಡ್ಡವರನ್ನು ಉಣ್ಣುವ ತಿನ್ನುವ ಪಾತ್ರೆಯ ಮೇಲೆ ತಂದರೆ ಅದು ಗೌರವವೋ, ಹಗುರ ಮಾಡಿದಂತೆಯೋ? ಸಣ್ಣ ಪ್ರಶ್ನೆ ಎನಿಸಬಹುದು. ಆದರೆ ಎಳೆ ಹಿಡಿದು ಹೊರಟರೆ ಅದು ನಮ್ಮ ಮನೆಯ ಹೊಸ್ತಿಲ ತನಕ ಬರುತ್ತದೆ.

1739ರಲ್ಲಿ ವರ್ನನ್ ಎಂಬ ನೌಕಾಧಿಪತಿ ಸ್ಪೇನಿನವರ ಕೈಯಿಂದ ಪೋರ್ಟೊಬೆಲೊ ಎಂಬ ಬಂದರನ್ನು ಗೆದ್ದ. ಇಂಗ್ಲೆಂಡಿನ ಕುಂಬಾರರು ಅವನನ್ನೂ ಅವನ ಹಡಗುಗಳನ್ನೂ ಪಾತ್ರೆಗಳ ಮೇಲೆ ಮೂಡಿಸಿ ಮಾರಿದರು. ಎರಡೇ ವರ್ಷದಲ್ಲಿ ಕಾರ್ತಹೇನಾ ಎಂಬಲ್ಲಿ ಅದೇ ವರ್ನನ್ ಸೋತು ಹಿಂದಿರುಗಿದ. ಆದರೆ ಆವಿಗೆಯಲ್ಲಿ ಬೆಂದು ಬಂದ ಗೆಲುವು ಅಳಿಸಿಹೋಗುವುದೇ? ಪಾತ್ರೆಯ ಮೇಲೆ ಅವನು ಗೆದ್ದವನಾಗಿಯೇ ಉಳಿದ. 1756ರ ಹೊತ್ತಿಗೆ ಲಿವರ್‌ಪೂಲಿನ ಸ್ಯಾಡ್ಲರ್ ಮತ್ತು ಗ್ರೀನ್ ಎಂಬಿಬ್ಬರು ಚಿತ್ರವನ್ನು ಕೈಯಿಂದ ಬರೆಯುವ ಬದಲು ಅಚ್ಚು ಹಾಕುವ ಉಪಾಯವನ್ನು ಹದಕ್ಕೆ ತಂದಿದ್ದರು. ತಾಮ್ರದ ತಗಡಿನ ಮೇಲೆ ಚಿತ್ರ ಕೊರೆದು, ಬಣ್ಣ ತುಂಬಿ, ತೆಳು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ಪಾತ್ರೆಗೆ ಒತ್ತುವುದು. ಆರು ಗಂಟೆಯಲ್ಲಿ 1,200ಕ್ಕೂ ಹೆಚ್ಚು ಬಿಲ್ಲೆಗಳಿಗೆ ಅಚ್ಚು ಹಾಕಿದೆವೆಂದು ಅವರಿಬ್ಬರೂ ಪ್ರಮಾಣ ಮಾಡಿ ಹೇಳಿದ್ದರು. ಅಲ್ಲಿಂದ ಮುಂದೆ ಮಹಾಪುರುಷರು ಅಗ್ಗವಾದರು. 1805ರ ಅಕ್ಟೋಬರ್ 21ರಂದು ಟ್ರಫಾಲ್ಗರ್ ಕಾಳಗದಲ್ಲಿ ನೆಲ್ಸನ್ ಗೆದ್ದು ಸತ್ತಾಗ, ಅವನ ಮುಖವಿರುವ ಹೂಜಿಗಳೂ ಲೋಟಗಳೂ ಅಂಗಡಿ ಅಂಗಡಿಗೆ ಬಂದವು. ಸಾಮಾನ್ಯರ ಮನೆಗೂ ಒಬ್ಬ ವೀರ ಬಂದು ಕುಳಿತ.

ಆಮೇಲೆ ಸ್ಟ್ಯಾಫರ್ಡ್‌ಶೈರಿನ ಗೊಂಬೆಗಳ ಕಾಲ. ಚಳಿಯ ನಾಡಲ್ಲವೇ, ಮನೆಮನೆಯಲ್ಲೂ ಬೆಂಕಿಗೂಡು. ಅದರ ಮೇಲೊಂದು ಹಲಗೆ. ಆ ಹಲಗೆಯ ಮೇಲೆ ವೆಲಿಂಗ್ಟನ್, ಗಾರಿಬಾಲ್ಡಿ, ಫ್ಲಾರೆನ್ಸ್ ನೈಟಿಂಗೇಲ್. ಹಿಂಭಾಗ ಗೋಡೆಗೆ ಆನುವುದರಿಂದ ಗೊಂಬೆಯ ಬೆನ್ನಿಗೆ ರೂಪವೂ ಇಲ್ಲ, ಬಣ್ಣವೂ ಇಲ್ಲ, ಬರಿ ಚಪ್ಪಟೆ. ಮುಖ ಕೂಡ ಆ ವ್ಯಕ್ತಿಯದೇ ಆಗಿರಬೇಕೆಂಬ ಹಟವಿರಲಿಲ್ಲ. ಬೆಂಜಮಿನ್ ಫ್ರಾಂಕ್ಲಿನ್ನನ ಗೊಂಬೆಯ ಕೆಳಗೆ ವಾಷಿಂಗ್ಟನ್ ಎಂದು ಬರೆದು ಮಾರಿದ್ದೂ ಉಂಟು. ನೈಟಿಂಗೇಲ್ ತಾಯಿಗೆ ಈ ಪ್ರಚಾರ ಬೇಕಿರಲಿಲ್ಲ. 1856ರಲ್ಲಿ ಯುದ್ಧಭೂಮಿಯಿಂದ ಮರಳುವಾಗ ಮೆರವಣಿಗೆಯ ಗದ್ದಲ ತಪ್ಪಿಸಲು ಮಿಸ್ ಸ್ಮಿತ್ ಎಂಬ ಹೆಸರಿನಲ್ಲಿ ಪ್ರಯಾಣ ಮಾಡಿದಳಂತೆ. ಅವಳು ಮರೆಯಾಗಿ ಮನೆ ಸೇರಿದಳು, ಅವಳ ಗೊಂಬೆ ಮಾತ್ರ ಮನೆಮನೆಯಲ್ಲಿ ಎದುರಿಗೇ ನಿಂತಿತು.

2022ರಲ್ಲಿ, ಸ್ವಾತಂತ್ರ್ಯದ 75ನೆಯ ವರ್ಷಾಚರಣೆಯ ಸಂಭ್ರಮದಲ್ಲಿ, ಈ ಪ್ರಶ್ನೆ ನಮ್ಮ ಶಾಲೆಯ ಶಿಕ್ಷಕರ ಕೋಣೆಗೂ ಬಂತು. ಈಗ ಫೋಟೋ ಸ್ಟುಡಿಯೋದವರೇ ಯಾವ ಚಿತ್ರ ಬೇಕಾದರೂ ಕಪ್ಪಿನ ಮೇಲೆ ಅಚ್ಚು ಹಾಕಿಕೊಡುತ್ತಾರೆ. ಪ್ರಬಂಧ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳಿಗೆ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣನ ಚಿತ್ರವಿರುವ ಕಪ್ಪುಗಳನ್ನು ಕೊಡೋಣವೆಂದು ಒಬ್ಬ ತರುಣ ಮಾಸ್ತರರು ಸೂಚಿಸಿದರು. ನಮ್ಮಲ್ಲಿ ಎಲ್ಲರಿಗಿಂತ ಹಿರಿಯರಾದ ಬಾಯಾರು ಒಪ್ಪಲಿಲ್ಲ.

"ಅಲ್ರೀ ಅಕ್ಕೋರ, ಚೆನ್ನಮ್ಮಾಜಿ ಮುಖಕ್ಕ ಎಂಜಲ ತಾಗಸೂದ? ಮೋರ್‍ಯಾಗ ಇಟ್ಟು ಬೂದಿ ಹಚ್ಚಿ ತಿಕ್ಕೂದ? ಗೋಡಿ ಮ್ಯಾಲ ಹಾಕೂವಂಥಾ ಫೋಟೋ ಕೊಡ್ರಿ, ಬ್ಯಾಡ ಅನ್ನೂದಿಲ್ಲ" ಎಂದರು.

ತರುಣ ಮಾಸ್ತರರು ನಕ್ಕು, "ಬಾಯಾರ, ಗೋಡಿ ಮ್ಯಾಲಿನ ಫೋಟೋ ಯಾರೂ ನೋಡೂದಿಲ್ರಿ. ಕಪ್ಪು ಆದ್ರ ದಿನಾ ಮುಂಜಾನೆ ಕೈಯಾಗ ಬರತೈತಿ" ಎಂದರು.

ನನ್ನನ್ನು ಕೇಳಿದರು. ನಾನು ಕಪ್ಪಿನ ಪರವಾಗಿ ಮಾತಾಡಿದೆ. ಆದರೆ ಬಾಯಾರ ಮಾತನ್ನು ಹಳೆಯ ಕಾಲದ ಮಡಿ ಎಂದು ತಳ್ಳಿಹಾಕುವುದು ನನ್ನಿಂದ ಆಗಲಿಲ್ಲ. ಎಂಜಲು ಎಂಬ ಮಾತಿನ ಹಿಂದೆ ಒಂದು ಸೂಕ್ಷ್ಮ ಭಾವನೆ ಇದೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವುದು ಕಾಗದ ಹರಿದೀತೆಂಬ ಭಯದಿಂದಲ್ಲ. ಕೆಲವನ್ನು ನಮ್ಮ ಉಪಯೋಗಕ್ಕಿಂತ ಮೇಲೆ ಇಡಬೇಕು ಎಂಬ ಅರಿವಿನಿಂದ. ನಮ್ಮ ಕಾನೂನು ಕೂಡ ಇದನ್ನು ಒಂದು ಬಗೆಯಲ್ಲಿ ಒಪ್ಪಿಕೊಂಡಿದೆ. ಲಾಂಛನಗಳ ಮತ್ತು ಹೆಸರುಗಳ ದುರುಪಯೋಗ ತಡೆಯುವ 1950ರ ಕಾಯಿದೆಯ ಪ್ರಕಾರ ಮಹಾತ್ಮಾ ಗಾಂಧಿ, ಛತ್ರಪತಿ ಶಿವಾಜಿ ಮಹಾರಾಜರ ಹೆಸರನ್ನಾಗಲಿ ಚಿತ್ರವನ್ನಾಗಲಿ ಸರ್ಕಾರದ ಅನುಮತಿಯಿಲ್ಲದೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಸರಕಿನ ಜಾಹೀರಾತಿಗಾಗಿ ಅಲ್ಲದ ಕ್ಯಾಲೆಂಡರಿನ ಚಿತ್ರಕ್ಕೆ ಮಾತ್ರ ರಿಯಾಯಿತಿ. ಅಂದರೆ ಗೋಡೆಯ ಮೇಲೆ ಇರಲಿ, ಸರಕಿನ ಮೇಲೆ ಬೇಡ. ಬಾಯಾರು ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ.

ಹಾಗಾದರೆ ಅಂಚೆಚೀಟಿಯ ಮಾತೇನು? 1948ರ ಆಗಸ್ಟ್ 15ರಂದು ಗಾಂಧೀಜಿಯ ಚಿತ್ರದ ಚೀಟಿಗಳು ಬಂದವು. 1977ರಲ್ಲಿ ಚೆನ್ನಮ್ಮನ ಚೀಟಿ ಬಂತು. ಚಿಕ್ಕವರಿದ್ದಾಗ ನಾವೆಲ್ಲ ಚೀಟಿಯ ಹಿಂಬದಿಗೆ ನಾಲಗೆ ಸವರಿಯೇ ಲಕೋಟೆಗೆ ಅಂಟಿಸಿದವರು. ಮುಂದೆ ಅಂಚೆಯವನು ಕಪ್ಪು ಮುದ್ರೆಯಿಂದ ಅದೇ ಮುಖಕ್ಕೆ ಟಪ್ಪೆಂದು ಬಡಿಯುತ್ತಿದ್ದ. ಇನ್ನು ನೋಟಿನ ಮಾತು. 1996ರಿಂದ ಈಚಿನ ನೋಟುಗಳಲ್ಲಿ ಗಾಂಧೀಜಿ ನಗುತ್ತಿದ್ದಾರೆ. ಅದೇ ನೋಟು ಸೆರೆಯಂಗಡಿಗೆ ಹೋಗುತ್ತದೆ, ಮೇಜಿನ ಕೆಳಗಿನಿಂದ ಕೈ ಬದಲಾಯಿಸುತ್ತದೆ. ಆಗ ಯಾರಿಗೂ ಮೈಲಿಗೆ ಕಾಡುವುದಿಲ್ಲ. ಮನೆಯಲ್ಲಿ ಹಾಲು ಕುಡಿದು ಶುಭ್ರವಾಗಿ ತೊಳೆದಿಟ್ಟ ಕಪ್ಪಿಗಿಂತ ಲಂಚಕ್ಕೆ ಚಾಚಿದ ಆ ಕೈಯಲ್ಲವೇ ಹೆಚ್ಚು ಎಂಜಲು? ಆದ್ದರಿಂದ ಚಿತ್ರ ಎಲ್ಲಿದೆ ಎಂಬುದರಿಂದ ಗೌರವ ತೀರ್ಮಾನವಾಗುವುದಿಲ್ಲ ಎಂದು ನನಗೆ ಅನಿಸುತ್ತದೆ.

ಇನ್ನೊಂದು ಕಷ್ಟವಿದೆ. ಪಿಂಗಾಣಿಗೆ ಬಾಯಿಲ್ಲ, ನ್ಯಾಯ ಅನ್ಯಾಯ ಮೊದಲೇ ಗೊತ್ತಿಲ್ಲ. 1857ರ ದಂಗೆಯಾದ ಮೇಲೆ ಹ್ಯಾವ್‌ಲಾಕ್, ಕಾಲಿನ್ ಕ್ಯಾಂಪ್‌ಬೆಲ್ ಎಂಬ ಸೇನಾಪತಿಗಳ ಗೊಂಬೆಗಳು ಇಂಗ್ಲೆಂಡಿನ ಮನೆಗಳಲ್ಲಿ ನಿಂತವು. ನಮ್ಮ ಜನರ ಬಂಡಾಯವನ್ನು ಅಡಗಿಸಿದವರು ಅವರ ಮಕ್ಕಳಿಗೆ ವೀರರು. 1820ರ ದಶಕದ ಹೊತ್ತಿನ ಇನ್ನೊಂದು ಗೊಂಬೆ ಇದೆ. ದೊಡ್ಡ ಹುಲಿಯೊಂದು ಅಂಗಾತ ಬಿದ್ದ ಇಂಗ್ಲಿಷ್ ತರುಣನ ತಲೆಯನ್ನು ಬಾಯಲ್ಲಿ ಕಚ್ಚಿ ಹಿಡಿದಿದೆ. ಜನರಲ್ ಹೆಕ್ಟರ್ ಮನ್ರೋನ ಮಗ 1792ರಲ್ಲಿ ಬಂಗಾಳದ ಸಾಗರ ದ್ವೀಪದಲ್ಲಿ ಹುಲಿಯ ಬಾಯಿಗೆ ಬಿದ್ದ ಕಥೆ ಅದು. ಅದನ್ನು ನೋಡಿದರೆ ನಮ್ಮ ಶ್ರೀರಂಗಪಟ್ಟಣದ ಮರದ ಹುಲಿ ನೆನಪಾಗದೆ ಇರದು. 1799ರಲ್ಲಿ ಟಿಪ್ಪುವಿನ ಅರಮನೆಯಿಂದ ಒಯ್ದ ಆ ಹುಲಿಯನ್ನು 1808ರಿಂದ ಲಂಡನ್ನಿನಲ್ಲಿ ಕಂಪನಿಯ ಕಟ್ಟಡದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಈಗ ಅದು ಅಲ್ಲಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಎರಡರಲ್ಲೂ ಅದೇ ಹುಲಿ, ಕೆಳಗೆ ಅದೇ ಬಿಳಿಯ. ಶ್ರೀರಂಗಪಟ್ಟಣದಲ್ಲಿ ನೋಡಿದವರಿಗೆ ಅದು ಶತ್ರುವಿನ ಸೋಲು. ಸ್ಟ್ಯಾಫರ್ಡ್‌ಶೈರಿನಲ್ಲಿ ಕೊಂಡ ತಾಯಿಗೆ ಅದು ಪರದೇಶದಲ್ಲಿ ಸತ್ತ ಯಾರದೋ ಮಗ. ಯಾವ ಕಣ್ಣೀರು ಸುಳ್ಳು ಎಂದು ಹೇಳೋಣ?

ವ್ಯಾಪಾರಿಗೆ ಈ ತೊಡಕೇ ಇಲ್ಲ. ಅಮೆರಿಕದವರು ಯಾರ ವಿರುದ್ಧ ಹೋರಾಡಿ ಸ್ವತಂತ್ರರಾದರೋ ಆ ಇಂಗ್ಲಿಷರೇ ವಾಷಿಂಗ್ಟನ್ನನ ಚಿತ್ರದ ಹೂಜಿಗಳನ್ನು ಮಾಡಿ ಅಮೆರಿಕಕ್ಕೆ ಕಳಿಸಿದರು. ಆ ಹೋರಾಟಕ್ಕೆ ನೆರವಾಗಿದ್ದ ಫ್ರೆಂಚ್ ಸೇನಾನಿ ಲಾಫಯೆಟ್ 1824ರ ಆಗಸ್ಟ್ 16ರಂದು ನ್ಯೂಯಾರ್ಕಿಗೆ ಬಂದಿಳಿದಾಗ, ಸ್ಟ್ಯಾಫರ್ಡ್‌ಶೈರಿನ ಕ್ಲೂಸ್ ಸಹೋದರರು ಆ ದೃಶ್ಯವನ್ನು ಕಡುನೀಲಿ ಬಣ್ಣದಲ್ಲಿ ತಟ್ಟೆಗಳ ಮೇಲೆ ಇಳಿಸಿದರು. ಸೋತವರು ಗೆದ್ದವರ ಚಿತ್ರ ಬರೆದು ಗೆದ್ದವರಿಗೇ ಮಾರಿದರು! ಕೆಲವೊಮ್ಮೆ ವ್ಯಾಪಾರದ ಅವಸರವೂ ಕೈಕೊಡುತ್ತದೆ. ಎಂಟನೆಯ ಎಡ್ವರ್ಡನ ಪಟ್ಟಾಭಿಷೇಕ 1937ರ ಮೇ 12ಕ್ಕೆ ಎಂದು ನಿಶ್ಚಯವಾಗಿ ಕಪ್ಪುಗಳೆಲ್ಲ ತಯಾರಾಗಿದ್ದವು. 1936ರ ಡಿಸೆಂಬರಿನಲ್ಲಿ ಅವನು ಸಿಂಹಾಸನವನ್ನೇ ಬಿಟ್ಟ. ಅದೇ ದಿನ ಅವನ ತಮ್ಮನಿಗೆ ಪಟ್ಟವಾಯಿತು. ನಡೆಯದ ಪಟ್ಟಾಭಿಷೇಕದ ಕಪ್ಪಿನಲ್ಲಿಯೂ ಚಹಾ ಬಿಸಿಯಾಗಿಯೇ ಇರುತ್ತದೆ.

ಈ ಪಾತ್ರೆಗಳನ್ನು ಮಾಡಿದ ಕೈಗಳ ವಿಷಯ ಓದುವಾಗ ನನಗೆ ನಿಜವಾಗಿ ಸಂಕಟವಾಯಿತು. ಚಾರ್ಲ್ಸ್ ಶಾ ಎಂಬಾತ ತನ್ನ ಬಾಲ್ಯದ ಕಥೆಯನ್ನು 1903ರಲ್ಲಿ ಪ್ರಕಟಿಸಿದ. ಏಳು ವರ್ಷದ ಹುಡುಗನಾಗಿದ್ದಾಗಲೇ ಅವನು ಸ್ಟ್ಯಾಫರ್ಡ್‌ಶೈರಿನ ಕುಂಬಾರಶಾಲೆಗೆ ಸೇರಿದ್ದ. ಹಸಿ ಪಾತ್ರೆ ಹೊತ್ತ ಅಚ್ಚುಗಳನ್ನು ಕಾದ ಕೋಣೆಗೆ ಓಡಿ ಓಡಿ ಒಯ್ದಿಡುವುದು ಅವನ ಕೆಲಸ, ಸಂಬಳ ವಾರಕ್ಕೆ ಒಂದು ಶಿಲ್ಲಿಂಗು. ಮೂರನೆಯ ಇಯತ್ತೆಯಲ್ಲಿ ಕುಳಿತಿರಬೇಕಾದ ಮಗು! ಕಾಗದದ ಚಿತ್ರವನ್ನು ಪಾತ್ರೆಗೆ ಒತ್ತುತ್ತಿದ್ದವರು ಹೆಚ್ಚಾಗಿ ಹೆಂಗಸರು, ಕಾಗದ ಕತ್ತರಿಸಿ ಕೊಡುತ್ತಿದ್ದವರು ಹುಡುಗಿಯರು. ಪಾತ್ರೆಗೆ ಹೊಳಪು ಕೊಡುವ ಮೆರುಗಿನಲ್ಲಿ ಸೀಸವಿರುತ್ತಿತ್ತು. ಆ ಕೆಲಸ ಮಾಡಿದವರ ಮೈಗೆ ಸೀಸದ ವಿಷವೇರಿ ಕೈ ಸ್ವಾಧೀನ ತಪ್ಪುತ್ತಿತ್ತು, ಕೆಲವರ ಕಣ್ಣು ಹೋಗುತ್ತಿತ್ತು, ಬಸುರಿಯರಿಗೆ ಗರ್ಭ ನಿಲ್ಲುತ್ತಿರಲಿಲ್ಲ. ವೀರನ ಮುಖದ ಮೇಲಿನ ಹೊಳಪು ಇಂಥದು. ತಟ್ಟೆಯ ಮೇಲೆ ಹೆಸರು ಇರುವುದು ಒಬ್ಬನದು, ಹೆಸರಿಲ್ಲದವರು ನೂರು ಮಂದಿ. ಗೋಲಗುಮ್ಮಟದ ಎದುರು ನಿಂತಾಗಲೂ ನನಗೆ ಇದೇ ಯೋಚನೆ ಬರುತ್ತದೆ. ಕಲ್ಲು ಹೊತ್ತವರ ಮಕ್ಕಳು ಆ ಹೊತ್ತಿಗೆ ಉಂಡಿದ್ದರೋ ಇಲ್ಲವೋ?

ಇಷ್ಟೆಲ್ಲ ಹೇಳಿದ ಮೇಲೆ, ಪಾತ್ರೆಯ ಮೇಲೆ ನೆನಪು ಇಡುವುದೇ ವ್ಯರ್ಥ ಎನ್ನಬಹುದು. ಹಾಗನ್ನಲು ನನಗೆ ಮನಸ್ಸಿಲ್ಲ, ಏಕೆಂದರೆ ಅದೇ ಸ್ಟ್ಯಾಫರ್ಡ್‌ಶೈರಿನ ಅದೇ ಮಣ್ಣಿನಿಂದ ಬೇರೆ ಬಗೆಯ ವಸ್ತುಗಳೂ ಹುಟ್ಟಿದವು. 1787ರಲ್ಲಿ ಜೊಸಾಯಾ ವೆಜ್‌ವುಡ್ ಎಂಬ ಹೆಸರಾಂತ ಕುಂಬಾರ ಒಂದು ಪುಟ್ಟ ಬಿಲ್ಲೆ ಮಾಡಿಸಿದ. ಅದರಲ್ಲಿ ರಾಜನಿಲ್ಲ, ಸೇನಾಪತಿಯಿಲ್ಲ. ಸಂಕೋಲೆ ತೊಟ್ಟು ಮೊಣಕಾಲೂರಿದ ಒಬ್ಬ ಆಫ್ರಿಕದ ಗುಲಾಮ, ನಾನೂ ಮನುಷ್ಯನಲ್ಲವೇ, ನಿಮ್ಮ ಸಹೋದರನಲ್ಲವೇ ಎಂದು ಕೇಳುತ್ತಿದ್ದಾನೆ. ಹೆಂಗಸರು ಅದನ್ನು ಬಳೆಯಲ್ಲಿ, ತಲೆಯ ಪಿನ್ನಿನಲ್ಲಿ ಕೂಡಿಸಿಕೊಂಡು ಹೊರಗೆ ಹೊರಟರು. ಮುಂದೆ 1820ರ ದಶಕದಲ್ಲಿ ಸಕ್ಕರೆಯ ಬಟ್ಟಲುಗಳು ಬಂದವು. ವೆಸ್ಟ್ ಇಂಡೀಸಿನ ಸಕ್ಕರೆ ಗುಲಾಮರ ದುಡಿತದ್ದು. ಈ ಬಟ್ಟಲಿನಲ್ಲಿ ಇರುವುದು ಗುಲಾಮರು ಮಾಡದ ಈಸ್ಟ್ ಇಂಡಿಯಾದ ಸಕ್ಕರೆ, ಆರು ಮನೆಗಳು ಹೀಗೆ ಸಕ್ಕರೆ ಬದಲಿಸಿದರೆ ಒಬ್ಬ ಗುಲಾಮ ಕಡಿಮೆ ಸಾಕು ಎಂಬ ಲೆಕ್ಕ ಅವುಗಳ ಮೇಲೆ. ಈಸ್ಟ್ ಇಂಡಿಯಾ ಎಂದರೆ ನಮ್ಮ ಸೀಮೆಯೇ. ನಮ್ಮ ಕೂಲಿಕಾರರೇನೂ ಸುಖವಾಗಿರಲಿಲ್ಲ. ಇಲ್ಲಿಯೂ ಗುಲಾಮಗಿರಿ ಇತ್ತು, ಅದರ ಕಾನೂನಿನ ಬಲ ತಪ್ಪಿದ್ದು 1843ರಲ್ಲಿ. ಬಟ್ಟಲಿನ ಮಾತು ಪೂರ್ಣ ಸತ್ಯವಲ್ಲ. ಆದರೂ ಅದರಲ್ಲಿ ಒಂದು ಗುಣವಿತ್ತು. ನೆಲ್ಸನ್ನನ ಹೂಜಿ ಮನೆಯಾಕೆಯಿಂದ ಏನನ್ನೂ ಕೇಳಲಿಲ್ಲ. ಈ ಬಟ್ಟಲು ಕೇಳಿತು. ನಾಳೆ ಅಂಗಡಿಗೆ ಹೋದಾಗ ನೀನು ಯಾವ ಸಕ್ಕರೆ ತರುತ್ತೀ ಎಂದು ಕೇಳಿತು.

ಆಗ ಇಂಗ್ಲೆಂಡಿನಲ್ಲಿ ಹೆಂಗಸರಿಗೆ ಓಟಿನ ಹಕ್ಕಿಲ್ಲ, ಪಾರ್ಲಿಮೆಂಟಿನಲ್ಲಿ ದನಿಯಿಲ್ಲ. ಕೈಯಲ್ಲಿ ಇದ್ದದ್ದು ಕಿರಾಣಿಯ ಚೀಟಿ ಒಂದೇ. ಲೆಸ್ಟರ್ ಊರಿನ ಎಲಿಜಬೆತ್ ಹೇರಿಕ್ ಎಂಬ ವಿಧವೆ 1824ರಲ್ಲಿ ಒಂದು ಕಿರುಹೊತ್ತಿಗೆ ಬರೆದು, ಗುಲಾಮಗಿರಿ ಸ್ವಲ್ಪ ಸ್ವಲ್ಪವಾಗಿ ಅಲ್ಲ, ಈಗಲೇ ಹೋಗಬೇಕು ಎಂದಳು. ಆ ಸಕ್ಕರೆಯನ್ನು ಬಿಡಿ ಎಂದು ಹೆಂಗಸರಿಗೆ ಹೇಳಿದಳು. 1833ರಲ್ಲಿ ಕಾನೂನು ಬರುವುದನ್ನು ನೋಡಲು ಅವಳಿರಲಿಲ್ಲ, 1831ರಲ್ಲಿಯೇ ತೀರಿಕೊಂಡಳು.

1824 ಎಂದೊಡನೆ ನಮ್ಮ ಕಡೆಯವರಿಗೆ ಇನ್ನೊಂದು ನೆನಪು. ಅದೇ ವರ್ಷ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ್ ಥ್ಯಾಕರೆ ಬಿದ್ದ. ಲಾಫಯೆಟ್ಟನ ತಟ್ಟೆಯ ಸಂಗತಿ ನಡೆದು ಎರಡೇ ತಿಂಗಳಾಗಿತ್ತು. ಚೆನ್ನಮ್ಮನ ಚಿತ್ರವನ್ನು ತಟ್ಟೆಗೆ ಇಳಿಸುವ ಕಾರ್ಖಾನೆ ನಮ್ಮಲ್ಲಿರಲಿಲ್ಲ. ಅವಳು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದಳು. 1831ರಲ್ಲಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅವರನ್ನು ಉಳಿಸಿದ್ದು ಲಾವಣಿ ಹಾಡುವವರ ಕಂಠ. ಬೀಸುವಾಗ, ಕುಟ್ಟುವಾಗ, ಜಾತ್ರೆಯಲ್ಲಿ, ಡಪ್ಪಿನ ಬಡಿತಕ್ಕೆ ಅವರ ಕಥೆ ಬಾಯಿಂದ ಬಾಯಿಗೆ ದಾಟಿತು. ಸಂಸತ್ತಿನ ಆವರಣದಲ್ಲಿ ಚೆನ್ನಮ್ಮನ ಪ್ರತಿಮೆ ನಿಂತದ್ದು 2007ರಲ್ಲಿ. ಅಷ್ಟು ವರ್ಷ ಕಾದುಕೊಂಡದ್ದು ಕಂಚಲ್ಲ, ಪಿಂಗಾಣಿಯಲ್ಲ, ಜನರ ನಾಲಗೆ. ನಾಲಗೆಯ ಮೇಲೆ ಇದ್ದದ್ದಕ್ಕೆ ಎಂಜಲಿನ ಮಾತೆಲ್ಲಿ ಬಂತು, ಹೇಳಿ.

ನಮ್ಮ ಶಾಲೆಯಲ್ಲಿ ಕೊನೆಗೆ ಕಪ್ಪುಗಳನ್ನೇ ಕೊಟ್ಟೆವು. ಹತ್ತನೆಯ ಇಯತ್ತೆಯ ಒಬ್ಬ ಹುಡುಗಿಗೆ ಚೆನ್ನಮ್ಮನ ಮೇಲಿನ ಪ್ರಬಂಧಕ್ಕಾಗಿ ಮೊದಲ ಬಹುಮಾನ ಬಂತು. ಹೆಣ್ಣೆಂದು ಯಾರೂ ಅವಳನ್ನು ಕಡೆಗಣಿಸಲಾಗಲಿಲ್ಲ ಎಂದು ಅವಳು ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು. ಮರುವರ್ಷ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದು ಪಾಸಾದಳು. ಆದರೆ ಕಾಲೇಜಿಗೆ ಹೆಸರು ಹಚ್ಚಲಿಲ್ಲವೆಂದು ತಿಳಿದು ಅವಳ ಮನೆಗೆ ಹೋದೆ. ತಂದೆ ಒಳ್ಳೆಯ ಮನುಷ್ಯ. ಎದ್ದು ಕೈಮುಗಿದು ಕುರ್ಚಿ ಕೊಟ್ಟರು. ಟಿವಿಯ ಪಕ್ಕದ ಗಾಜಿನ ಶೋಕೇಸಿನಲ್ಲಿ, ಪ್ಲಾಸ್ಟಿಕ್ ಹೂವಿನ ನಡುವೆ, ಆ ಕಪ್ಪು ಇತ್ತು. ಒಂದು ಸಲವೂ ಅದರಲ್ಲಿ ಚಹಾ ಕುಡಿದಿರಲಿಲ್ಲ. ಬಾಯಾರು ನೋಡಿದ್ದರೆ ಸಂತೋಷಪಡುತ್ತಿದ್ದರು.

"ಚೆನ್ನಮ್ಮಾಜಿ ಅಂದ್ರ ನಮಗ ದೇವರ ಸಮಾನ್ರಿ ಅಕ್ಕೋರ" ಎಂದರು ತಂದೆ. ಕಾಲೇಜಿನ ಮಾತೆತ್ತಿದೆ. "ಬಸ್ಸಿನಾಗ ಹೋಗಿ ಬರಬೇಕ್ರಿ. ಹೆಣ್ಣುಹುಡುಗಿ. ಓದಿದ್ದು ಸಾಕಾತು ಬಿಡ್ರಿ, ಒಂದು ಚಲೋ ಸಂಬಂಧಾನೂ ಬಂದೈತಿ" ಎಂದರು. ತಾಯಿ ಬಾಗಿಲ ಮರೆಯಲ್ಲಿ ನಿಂತು ಸೆರಗಿನ ತುದಿ ಹಿಡಿದು ಸುಮ್ಮನಿದ್ದಳು. ವಿದ್ಯಾರ್ಥಿವೇತನದ ಮಾತು, ಬಸ್ ಪಾಸಿನ ಮಾತು, ಹದಿನೆಂಟು ತುಂಬದ ಹುಡುಗಿಯ ಮದುವೆ ಕಾನೂನಿಗೆ ವಿರುದ್ಧವೆಂಬ ಮಾತು, ಎಲ್ಲವನ್ನೂ ಹೇಳಿದೆ. ಮದುವೆಯ ಮಾತು ನಿಂತಿತು. ಕಾಲೇಜು ಮಾತ್ರ ಆಗಲಿಲ್ಲ. ಆ ವರ್ಷ ಅವಳು ಮನೆಯಲ್ಲಿಯೇ ಉಳಿದಳು.

ಆ ತಂದೆಯನ್ನು ಕಪಟಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅವರ ಭಕ್ತಿ ನಿಜ, ಮಗಳ ಮೇಲಿನ ಪ್ರೀತಿಯೂ ನಿಜ, ಬಸ್ಸಿನ ಭಯವೂ ನಿಜವೇ. ಆದರೆ ಭಕ್ತಿಗೂ ಬದುಕಿಗೂ ನಡುವೆ ಶೋಕೇಸಿನ ಗಾಜು ಇತ್ತು. ನಾವು ಎತ್ತರದಲ್ಲಿ ಇಡುವುದೇ ಕೆಲವೊಮ್ಮೆ ದೂರದಲ್ಲಿ ಇಡುವುದಕ್ಕಾಗಿ. ದೇವರ ಸಮಾನ ಎಂದುಬಿಟ್ಟರೆ ಅವರಂತೆ ಬಾಳುವ ಹೊಣೆ ಹೆಗಲಿನಿಂದ ಇಳಿಯುತ್ತದೆ. ಮನುಷ್ಯರೇ ಎಂದು ಒಪ್ಪಿದರೆ, ನಮ್ಮ ಮನೆಯ ಹುಡುಗಿಯೂ ಅವರ ಹಾಗೆ ತಲೆಯೆತ್ತಿ ನಿಲ್ಲಬಹುದು ಎಂದು ಒಪ್ಪಬೇಕಾಗುತ್ತದೆ. ನಮಗೆ ಕಷ್ಟವಾಗುವುದು ಅದು.

ಈಗ ನನ್ನನ್ನು ಕೇಳಿದರೆ, ಬಾಯಾರೂ ತರುಣ ಮಾಸ್ತರರೂ ಹೇಳಿದ್ದರಲ್ಲಿ ಅರ್ಧರ್ಧ ಸತ್ಯವಿದೆ ಎನ್ನುತ್ತೇನೆ. ಗೌರವ ಬೇಕು ಎಂಬುದು ಬಾಯಾರ ಸತ್ಯ. ದಿನವೂ ಕೈಗೆ ಬರಬೇಕು ಎಂಬುದು ಮಾಸ್ತರರ ಸತ್ಯ. ಅವೆರಡರ ಜೊತೆಗೆ ಆ ಸಕ್ಕರೆ ಬಟ್ಟಲಿನ ಸತ್ಯವೂ ಸೇರಬೇಕು: ನೆನಪು ನಮ್ಮಿಂದ ಏನಾದರೊಂದನ್ನು ಕೇಳಬೇಕು, ನಾವು ಅದನ್ನು ಕೊಡಬೇಕು. ಏನನ್ನೂ ಕೇಳದ ಸ್ಮಾರಕ ಚೌಕದಲ್ಲಿ ನಿಂತರೂ ಅಷ್ಟೆ, ಕಪ್ಪಿನ ಮೇಲೆ ಕುಳಿತರೂ ಅಷ್ಟೆ.

ಪಾತ್ರೆ ಕೊಳ್ಳುವವರು ನಾವು, ಬೆಳಗುವವರು ನಾವು, ಯಾವುದನ್ನು ಯಾರ ಮುಂದೆ ಇಡಬೇಕೆಂದು ನಿರ್ಧರಿಸುವವರೂ ನಾವೇ. ಮನೆಯಲ್ಲಿ ಗಂಡುಮಗನಿಗೆ ಹಾಲು, ಹೆಣ್ಣುಮಗಳಿಗೆ ನೀರುಮಜ್ಜಿಗೆ ಎಂಬ ಲೆಕ್ಕ ನಡೆಯುವುದೂ ನಮ್ಮ ಕೈಯಲ್ಲಿಯೇ. ಚೆನ್ನಮ್ಮನ ಕಪ್ಪು ಇದ್ದರೆ ಅದನ್ನು ಗಾಜಿನ ಹಿಂದಿನಿಂದ ತೆಗೆಯಿರಿ. ಅದರ ತುಂಬ ಹಾಲು ಹಾಕಿ ಮಗಳ ಕೈಗೆ ಕೊಡಿ. ಬಸ್ಸಿಗೆ ಹೊತ್ತಾಗುತ್ತದೆ, ಬೇಗ ಕುಡಿದು ಹೊರಡು ಎನ್ನಿ. ಕಪ್ಪು ಒಂದು ದಿನ ಕೈಜಾರಿ ಒಡೆದರೆ ಒಡೆಯಲಿ, ಅದು ಮಣ್ಣಿನದು.